ಓದು ಹೆಚ್ಚಿದಂತೆ ನಂಬಿಕೆ ಕರಗುತ್ತದೆಯೇ?

ಪ್ರಶ್ನೆ: ನಮ್ಮದು ದಾವಣಗೆರೆ. ಮನೆಯಲ್ಲಿ ತಲೆಮಾರುಗಳಿಂದ ನಿತ್ಯ ಲಿಂಗಪೂಜೆ ನಡೆದುಕೊಂಡು ಬಂದಿದೆ. ಮಗಳು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಎಂ.ಎಸ್‌ಸಿ. ಓದುತ್ತಿದ್ದಾಳೆ. ಈಗ ಪೂಜೆ ಬಿಟ್ಟಿದ್ದಾಳೆ. ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಾರದೆಂದ ಅಜ್ಜಿಯೊಡನೆ ವಾದಕ್ಕಿಳಿದಳು. ಅವಳ ಅಣ್ಣನ ಮದುವೆಗೆ ಜಾತಕ ತೋರಿಸಲು ಹೊರಟಾಗ, “ಬಸವಣ್ಣನವರನ್ನು ನಂಬುವ ಮನೆಯಲ್ಲಿ ಜಾತಕ ಏಕೆ?” ಎಂದು ಕೇಳಿದಳು. ಆದರೆ ನನ್ನ ತಮ್ಮ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡಿದವನು, ರಾಹುಕಾಲ ಕಳೆಯದೆ ಹೊಸ್ತಿಲು ದಾಟುವುದಿಲ್ಲ. ಉನ್ನತ ಶಿಕ್ಷಣ ಭಕ್ತಿಯನ್ನು ಕಳೆಯುತ್ತದೆ ಎನ್ನುವುದಾದರೆ ಅವನಿಗೇಕೆ ಹಾಗಾಗಲಿಲ್ಲ? ಕಿರಿಯ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಅವನನ್ನು ಊರಿನಲ್ಲಿಯೇ ಓದಿಸುವುದು ಒಳ್ಳೆಯದೇ?

ಉತ್ತರ: ಒಂದೇ ಮನೆತನದ ಇಬ್ಬರು, ಇಬ್ಬರೂ ಹೆಚ್ಚು ಓದಿದವರು, ಇಬ್ಬರೂ ವಿಜ್ಞಾನದ ಕಡೆಯವರು, ಆದರೂ ಒಬ್ಬರು ಪಂಚಾಂಗವನ್ನು ಬಿಡಲಾರರು, ಇನ್ನೊಬ್ಬಳು ಅದನ್ನು ಒಪ್ಪಲಾರಳು. ಇದನ್ನು ನೀವೇ ಗಮನಿಸಿ ಬರೆದಿರುವುದರಿಂದ ನನ್ನ ಕೆಲಸ ಸ್ವಲ್ಪ ಹಗುರವಾಗಿದೆ. ಓದಿನ ವರ್ಷಗಳ ಎಣಿಕೆಯೊಂದೇ ನಂಬಿಕೆಯನ್ನು ಹೆಚ್ಚಿಸುವುದೂ ಇಲ್ಲ, ಕುಗ್ಗಿಸುವುದೂ ಇಲ್ಲ. “ಇದು ನಿಜವೆಂದು ನಮಗೆ ಹೇಗೆ ಗೊತ್ತು?” ಎಂಬ ಪ್ರಶ್ನೆಯನ್ನು ತನ್ನ ಪಠ್ಯದ ಆಚೆಗೂ ಕೇಳುವ ಅಭ್ಯಾಸ ಒಬ್ಬರಿಗೆ ಹತ್ತಿತೇ ಇಲ್ಲವೇ ಎಂಬುದು ಇಲ್ಲಿ ಮುಖ್ಯ. ಆ ಅಭ್ಯಾಸ ಹತ್ತಿದವರಲ್ಲೂ ಬಹುಮಂದಿ ದೇವರನ್ನು ಬಿಟ್ಟುಬಿಡುವುದಿಲ್ಲ. ಯಾರ ಮಾತಿನ ಮೇಲೆ ನಂಬಬೇಕು, ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದು ಮನೆಯ ರೂಢಿ ಮತ್ತು ಯಾವುದು ಧರ್ಮ ಎಂಬ ವಿಂಗಡಣೆಯನ್ನು ಅವರು ಹೊಸದಾಗಿ ಮಾಡಿಕೊಳ್ಳುತ್ತಾರೆ. ನಿಮ್ಮ ಮಗಳು ಜಾತಕದ ಬಗ್ಗೆ ಕೇಳಿದ ಪ್ರಶ್ನೆ ಈ ವಿಂಗಡಣೆಯ ಆರಂಭವೆಂದೇ ನನಗೆ ತೋರುತ್ತದೆ.

ಮೊದಲು ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನು ನೋಡೋಣ, ಏಕೆಂದರೆ ಈ ವಿಷಯದಲ್ಲಿ ಎರಡೂ ಕಡೆಯವರು ತಮಗೆ ಬೇಕಾದುದನ್ನಷ್ಟೇ ಎತ್ತಿ ಹೇಳುವುದುಂಟು. ಕೆನಡಾದಲ್ಲಿ ಕಡ್ಡಾಯ ಶಾಲಾ ಶಿಕ್ಷಣದ ಕಾನೂನುಗಳು ಬದಲಾದಾಗ ಹೆಚ್ಚು ಕಾಲ ಓದಬೇಕಾಗಿ ಬಂದ ತಲೆಮಾರುಗಳನ್ನು ಪರಿಶೀಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದು ವರ್ಷದ ಹೆಚ್ಚುವರಿ ಓದು ಯಾವುದಾದರೊಂದು ಧರ್ಮಕ್ಕೆ ಸೇರಿದವರೆಂದು ಹೇಳಿಕೊಳ್ಳುವವರ ಪ್ರಮಾಣವನ್ನು ಸುಮಾರು 4 ಶೇಕಡಾಂಶದಷ್ಟು ತಗ್ಗಿಸುತ್ತದೆಂದು ಕಂಡುಕೊಂಡಿತು. ಟರ್ಕಿಯಲ್ಲಿ 1997ರಲ್ಲಿ ಕಡ್ಡಾಯ ಶಿಕ್ಷಣವನ್ನು 8 ವರ್ಷಕ್ಕೆ ಏರಿಸಿದ ಬಳಿಕ ಹೆಚ್ಚು ಓದಿದ ಹೆಣ್ಣುಮಕ್ಕಳಲ್ಲಿ ಧಾರ್ಮಿಕ ಆಚರಣೆ ಕಡಿಮೆಯಾದುದನ್ನು ಸಂಶೋಧಕರು ತೋರಿಸಿದ್ದಾರೆ. ಇಷ್ಟನ್ನೇ ಓದಿದರೆ ನಿಮ್ಮ ಆತಂಕ ಸರಿ ಎನಿಸುತ್ತದೆ. ಆದರೆ ಅಮೆರಿಕದ ಯುವಜನರನ್ನು ಕುರಿತು 2007ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಕಾಲೇಜಿಗೆ ಹೋದವರಿಗಿಂತ ಹೋಗದವರಲ್ಲಿಯೇ ಚರ್ಚಿಗೆ ಹೋಗುವ ರೂಢಿ ಹೆಚ್ಚು ಕುಸಿದಿತ್ತು. ಭಾರತದ ಮಟ್ಟಿಗೆ, ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2019–20ರಲ್ಲಿ ಸುಮಾರು 30,000 ವಯಸ್ಕರನ್ನು ಮಾತನಾಡಿಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 97 ಮಂದಿ ದೇವರನ್ನು ನಂಬುತ್ತೇವೆಂದರು. ಇಷ್ಟು ದೊಡ್ಡ ಪಾಲಿನಲ್ಲಿ ಪದವೀಧರರು, ವೈದ್ಯರು, ಪ್ರಾಧ್ಯಾಪಕರು ಎಲ್ಲರೂ ಸೇರಿರಲೇಬೇಕು. ಅದೇ ಸಮೀಕ್ಷೆಯಲ್ಲಿ ಕರ್ಮವನ್ನು ನಂಬುವ ಹಿಂದೂಗಳೂ ಶೇ. 77, ಮುಸ್ಲಿಮರೂ ಶೇ. 77. ನಮ್ಮ ನಂಬಿಕೆಗಳಲ್ಲಿ ಎಷ್ಟು ಭಾಗ ಧರ್ಮಗ್ರಂಥದಿಂದ ಬಂದದ್ದು, ಎಷ್ಟು ಭಾಗ ನೆರೆಹೊರೆಯಿಂದ ಬಂದದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ತರ್ಕಬದ್ಧವಾಗಿ ಯೋಚಿಸುವವರು ಸಹಜವಾಗಿಯೇ ನಾಸ್ತಿಕರಾಗುತ್ತಾರೆ ಎಂಬ ವಾದವೂ ಒಂದಿದೆ. ಮನೋವಿಜ್ಞಾನಿಗಳು ಇದಕ್ಕೆ ಒಂದು ಸರಳ ಲೆಕ್ಕವನ್ನು ಬಳಸುತ್ತಾರೆ. ಬ್ಯಾಟು ಮತ್ತು ಚೆಂಡು ಸೇರಿ 110 ರೂಪಾಯಿ. ಬ್ಯಾಟಿನ ಬೆಲೆ ಚೆಂಡಿನದಕ್ಕಿಂತ 100 ರೂಪಾಯಿ ಹೆಚ್ಚು. ಹಾಗಾದರೆ ಚೆಂಡಿನ ಬೆಲೆ ಎಷ್ಟು? ಥಟ್ಟನೆ ಬಾಯಿಗೆ ಬರುವ ಉತ್ತರ 10. ಸರಿಯಾದ ಉತ್ತರ 5 (ಆಗ ಬ್ಯಾಟು 105). ಥಟ್ಟನೆ ಬಂದ ಉತ್ತರವನ್ನು ತಡೆದು ಮತ್ತೊಮ್ಮೆ ನೋಡುವವರಲ್ಲಿ ದೈವನಂಬಿಕೆ ಸ್ವಲ್ಪ ಕಡಿಮೆ ಎಂಬ ಸಂಬಂಧ ಕೆಲವು ದೇಶಗಳಲ್ಲಿ ಕಂಡುಬಂದದ್ದು ನಿಜ. 2012ರಲ್ಲಿ ಇಬ್ಬರು ಸಂಶೋಧಕರು ಇನ್ನೂ ಮುಂದೆ ಹೋಗಿ, ಫ್ರಾನ್ಸಿನ ಶಿಲ್ಪಿ ರೋಡಾನ್ ಕಡೆದ, ಚಿಂತನೆಯಲ್ಲಿ ಮುಳುಗಿ ಕುಳಿತ ಮನುಷ್ಯನ ಶಿಲ್ಪದ ಚಿತ್ರವನ್ನು ತೋರಿಸಿದ ಮಾತ್ರಕ್ಕೇ ಜನರ ದೈವನಂಬಿಕೆ ತಾತ್ಕಾಲಿಕವಾಗಿ ತಗ್ಗುತ್ತದೆಂದು ವರದಿ ಮಾಡಿದರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. 2017ರಲ್ಲಿ ಬೇರೆಯವರು ಅದೇ ಪ್ರಯೋಗವನ್ನು ಹೆಚ್ಚು ಜನರ ಮೇಲೆ ಮಾಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಮುಂದೆ ಹಲವು ದೇಶಗಳಲ್ಲಿ ಒಟ್ಟಿಗೆ ನಡೆದ ಪರಿಶೀಲನೆಯಲ್ಲಿಯೂ ಆ ಸಂಬಂಧ ದುರ್ಬಲವಾಗಿತ್ತು, ದೇಶದಿಂದ ದೇಶಕ್ಕೆ ಬದಲಾಗುತ್ತಿತ್ತು. ವಿಚಾರವಾದಿಗಳೆಂದು ಹೇಳಿಕೊಳ್ಳುವ ನನ್ನ ಕೆಲವು ಮಿತ್ರರು ಮೊದಲ ಪ್ರಯೋಗವನ್ನು ಇಂದಿಗೂ ಉಲ್ಲೇಖಿಸುತ್ತಾರೆ, ಎರಡನೆಯದನ್ನು ಉಲ್ಲೇಖಿಸುವುದಿಲ್ಲ. ತಮಗೆ ಹಿತವಾದುದನ್ನು ಪರೀಕ್ಷಿಸದೆ ಒಪ್ಪುವ ಗುಣ ಭಕ್ತರಿಗಷ್ಟೇ ಮೀಸಲಲ್ಲ.

ಈಗ ನಿಮ್ಮ ತಮ್ಮನ ವಿಷಯ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ದೇಶವನ್ನೆಲ್ಲ ವ್ಯಾಪಿಸಿದ್ದು ನಿಮಗೆ ನೆನಪಿರಬಹುದು. ಹಾಲಿನ ಚಮಚ ಹಿಡಿದು ದೇವಸ್ಥಾನಗಳ ಮುಂದೆ ಸಾಲು ನಿಂತವರಲ್ಲಿ ವಿಜ್ಞಾನ ಓದಿದವರೂ ಧಾರಾಳವಾಗಿದ್ದರು. ದ್ರವದ ಮೇಲ್ಮೈ ಸೆಳೆತದ ಪಾಠವನ್ನು ಅವರೆಲ್ಲ ಶಾಲೆಯಲ್ಲಿಯೇ ಓದಿದ್ದರು, ಪರೀಕ್ಷೆಯಲ್ಲಿ ಬರೆದಿದ್ದರು. ಕೇಂದ್ರ ಸರ್ಕಾರದ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದಾಗ, ಅದು ಚಮಚದಿಂದ ಸೊಂಡಿಲಿಗೆ ಸೆಳೆಯಲ್ಪಟ್ಟು ಮೂರ್ತಿಯ ಮೈಮೇಲೆ ತೆಳುವಾಗಿ ಇಳಿದು ಹೋಗುವುದು ಕಣ್ಣಿಗೆ ಕಂಡಿತು. ಆ ಪಾಠ ಗೊತ್ತಿದ್ದವರಿಗೆ ಅಂದು ಅದು ನೆನಪಾಗಲಿಲ್ಲ, ಏಕೆಂದರೆ ಆ ಪಾಠಕ್ಕೂ ದೇವಸ್ಥಾನಕ್ಕೂ ಸಂಬಂಧವಿದೆಯೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ನಮ್ಮ ವೃತ್ತಿಶಿಕ್ಷಣದ ಬಹುಭಾಗ ಸಿದ್ಧ ಉತ್ತರಗಳನ್ನು ಒದಗಿಸುತ್ತದೆ, ಸೂತ್ರ ಯಾವುದೆಂದು ಹೇಳುತ್ತದೆ, ಅದನ್ನು ಎಲ್ಲಿ ಹಾಕಬೇಕೆಂದು ತೋರಿಸುತ್ತದೆ. ಆ ಸೂತ್ರವನ್ನು ಮೊದಲು ಒಪ್ಪದಿದ್ದವರು ಯಾರು, ಅವರನ್ನು ಒಪ್ಪಿಸಲು ಎಂಥ ಸಾಕ್ಷ್ಯ ಬೇಕಾಯಿತು ಎಂಬುದು ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ. ಹಾಗೆ ಓದಿದವರು ತಮ್ಮ ಕ್ಷೇತ್ರದಲ್ಲಿ ನಿಷ್ಣಾತರಾಗಬಹುದು. ಆ ನೈಪುಣ್ಯ ಪ್ರಯೋಗಾಲಯದ ಬಾಗಿಲಿನಿಂದ ಈಚೆಗೆ ಬರಬೇಕೆಂಬ ನಿಯಮವೇನೂ ಇಲ್ಲ.

ಇನ್ನೊಂದು ಕಾರಣ ಲೆಕ್ಕಾಚಾರದ್ದು. ರಾಹುಕಾಲ ದಿನಕ್ಕೆ ಒಂದೂವರೆ ತಾಸು. ಅದನ್ನು ಪಾಲಿಸಲು ದುಡ್ಡು ಬೇಕಿಲ್ಲ, ಮುರಿದರೆ ಏನಾದೀತೋ ಎಂಬ ಅಳುಕು ಮಾತ್ರ ಉಳಿಯುತ್ತದೆ. ಉಪಗ್ರಹ ಉಡಾವಣೆಗೆ ಮುನ್ನ ಇಸ್ರೋದ ಹಿರಿಯರು ರಾಕೆಟ್ಟಿನ ಪುಟ್ಟ ಪ್ರತಿಕೃತಿಯನ್ನು ತಿರುಮಲದಲ್ಲಿ ದೇವರ ಮುಂದಿಟ್ಟು ಬರುವ ರೂಢಿಯ ಬಗ್ಗೆ ಪ್ರತಿ ಬಾರಿಯೂ ಚರ್ಚೆಯಾಗುತ್ತದೆ. ರಾಕೆಟ್ಟು ಹಾರುವುದು ಇಂಧನದಿಂದ ಎಂಬ ಬಗ್ಗೆ ಅವರಲ್ಲಿ ಯಾರಿಗೂ ಸಂಶಯವಿಲ್ಲ. ತಮ್ಮ ಕೈಮೀರಿದ್ದರ ಎದುರು ನಿಂತಾಗ ಮೂಡುವ ಅಳುಕಿಗೆ ಅವರು ಒಂದು ರೂಪ ಕೊಡುತ್ತಾರೆ, ಅಷ್ಟೆ. ನಿಮ್ಮ ತಮ್ಮನನ್ನು ಕಪಟಿ ಎಂದಾಗಲೀ ದಡ್ಡ ಎಂದಾಗಲೀ ಮಗಳು ಕರೆಯುತ್ತಿದ್ದರೆ ಅದು ತಪ್ಪು ಎಂದು ನೀವು ಧೈರ್ಯವಾಗಿ ಹೇಳಬಹುದು. ಆದರೆ ರಾಹುಕಾಲದಲ್ಲಿ ಹೊರಟ ಬಸ್ಸುಗಳಿಗೂ ಬೇರೆ ಹೊತ್ತಿನಲ್ಲಿ ಹೊರಟ ಬಸ್ಸುಗಳಿಗೂ ಆಗುವ ಅಪಘಾತಗಳಲ್ಲಿ ವ್ಯತ್ಯಾಸವಿದೆಯೇ ಎಂದು ಅವಳು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದು, ಪಿಎಚ್.ಡಿ. ಪಡೆದವರು ಅದಕ್ಕೆ ಉತ್ತರಿಸಬೇಕು.

ಧಾರ್ಮಿಕ ನಂಬಿಕೆ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಹಲವು ಬಗೆಯ ಮಾತುಗಳು ಸೇರಿಕೊಂಡಿವೆ, ವಿಮರ್ಶೆ ಅವೆಲ್ಲವನ್ನೂ ಒಂದೇ ರೀತಿ ಮುಟ್ಟುವುದಿಲ್ಲ. ಗ್ರಹಣದ ಹೊತ್ತಿನಲ್ಲಿ ಆಹಾರ ವಿಷವಾಗುತ್ತದೆ ಎಂಬುದು ಲೋಕದ ಬಗೆಗಿನ ಮಾತು, ಪರೀಕ್ಷಿಸಿ ನೋಡಬಹುದು. ಇಂಥವು ಮೊದಲು ಬೀಳುತ್ತವೆ, ಬೀಳಲೂಬೇಕು. ಓಹಿಯೋದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟು ಪಡೆದು ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಕಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಲು ಸಾಧ್ಯವಿರುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಗಾಳಿಯಿಂದ ವಿಭೂತಿ, ಉಂಗುರ ಸೃಷ್ಟಿಸುವವರು ತೋಳಿನಲ್ಲಿ ಅಡಗಿಸಿಡಲಾಗದ ಕುಂಬಳಕಾಯಿಯನ್ನು ಸೃಷ್ಟಿಸಲಿ ಎಂಬ ಅವರ ಸವಾಲು ಇಂದಿಗೂ ಜನರ ಬಾಯಲ್ಲಿದೆ. ಆ ಸಮಿತಿಯ ಕಾರ್ಯಕ್ಷೇತ್ರವನ್ನು ಗಮನಿಸಿ: ಪರೀಕ್ಷಿಸಲು ಸಾಧ್ಯವಿರುವುದು ಮಾತ್ರ. ದೇವರಿದ್ದಾನೆಯೇ ಎಂಬುದನ್ನು ಅವರು ಸಮಿತಿಯ ಮುಂದೆ ಇಡಲಿಲ್ಲ. ಖಾದಿ ಉಟ್ಟು, ಮದುವೆಯಾಗದೆ, ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿಯೇ ಬದುಕಿದ ಆ ಮನುಷ್ಯನ ಜೀವನ ಅನೇಕ ಸಂನ್ಯಾಸಿಗಳಿಗಿಂತ ಸರಳವಾಗಿತ್ತು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನದಲ್ಲಿ ಸೇರಿದ್ದೂ ಅದೇ 1976ರ ತಿದ್ದುಪಡಿಯಿಂದ.

ಎರಡನೆಯ ಬಗೆಯ ಮಾತುಗಳು ಗ್ರಂಥ ಮತ್ತು ಚರಿತ್ರೆಗೆ ಸೇರಿದವು: ಇದನ್ನು ಯಾರು ಬರೆದರು, ಯಾವಾಗ, ಯಾವ ಪ್ರತಿ ಹಳೆಯದು, ಯಾವ ಸಾಲು ಆಮೇಲೆ ಸೇರಿತು ಎಂಬ ಪ್ರಶ್ನೆಗಳು ಇಲ್ಲಿ ಹುಟ್ಟುತ್ತವೆ. ಉನ್ನತ ಶಿಕ್ಷಣ ನಂಬಿಕೆಯನ್ನು ಆಳವಾಗಿ ಬದಲಿಸುವುದು ಇಲ್ಲಿಯೇ, ಮತ್ತು ಇದಕ್ಕೆ ನಿಮ್ಮದೇ ಪರಂಪರೆಯಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ಕಾಲಕ್ಕೆ ವಚನಗಳ ಓಲೆಗರಿ ಕಟ್ಟುಗಳು ಅನೇಕ ಮನೆಗಳಲ್ಲಿ, ಮಠಗಳಲ್ಲಿ ಬಟ್ಟೆ ಸುತ್ತಿಕೊಂಡು ದೇವರ ಜಗಲಿಯ ಮೇಲಿದ್ದವು. ಅವುಗಳಿಗೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರು ವಿರಳ. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಹುಡುಕಿದರು, ಬಿಚ್ಚಿಸಿದರು, ಪ್ರತಿಯೊಡನೆ ಪ್ರತಿಯನ್ನು ಹೋಲಿಸಿದರು, 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಕಲನವನ್ನು ಅಚ್ಚು ಹಾಕಿಸಿದರು. ಆಮೇಲೆ ತಾವೇ ಮುದ್ರಣಾಲಯ ತೆರೆದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಹೆಸರೇ ಮರೆತುಹೋಗಿದ್ದ ಎಷ್ಟೋ ವಚನಕಾರರು, ಅವರಲ್ಲಿ ಕಾಯಕದ ಹೆಸರಿನಿಂದಲೇ ಗುರುತಾಗುವ ಹಲವರು, ಇದರಿಂದ ಮತ್ತೆ ಓದುಗರ ಮುಂದೆ ಬಂದರು.

ಹಳಕಟ್ಟಿಯವರು ಭಕ್ತಿಯನ್ನು ಬಿಟ್ಟು ಈ ಕೆಲಸ ಮಾಡಲಿಲ್ಲ, ಭಕ್ತಿಯಿಂದಲೇ ಮಾಡಿದರು. ಆದರೆ ಪೂಜೆಯ ವಸ್ತುವಾಗಿದ್ದುದು ಓದಿನ ವಸ್ತುವಾದಾಗ ಅದರ ಪರಿಣಾಮವನ್ನು ಯಾರೂ ತಡೆಯಲಾರರು. ಬಟ್ಟೆಯಲ್ಲಿದ್ದ ಕಟ್ಟು ಯಾರನ್ನೂ ಪ್ರಶ್ನಿಸುವುದಿಲ್ಲ. ಅಚ್ಚಾದ ವಚನ ಪ್ರಶ್ನಿಸುತ್ತದೆ. ಕಲ್ಲನಾಗರಕ್ಕೆ ಹಾಲೆರೆದು ನಿಜವಾದ ನಾಗರವನ್ನು ಕೊಲ್ಲುವವರನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಹಾಸ್ಯ ಮಾಡಿದ್ದಾರೆ. ಮದುವೆಯ ಲಗ್ನ ಕೇಳಿದವರಿಗೆ ಚಂದ್ರಬಲ, ತಾರಾಬಲ, ರಾಶಿಕೂಟ ಎಲ್ಲವೂ ಕೂಡಿಬಂದಿವೆಯೆಂದೇ ಹೇಳಿಬಿಡಿ, ನಾಳೆಗಿಂತ ಇಂದಿನ ದಿನವೇ ಲೇಸೆನ್ನಿ ಎಂದು ಹೇಳಿದ್ದಾರೆ. ಆ ವಚನ ಓದಿದ ಹುಡುಗಿ ಅಣ್ಣನ ಜಾತಕದ ಬಗ್ಗೆ ಕೇಳದಿದ್ದರೆ ಆಶ್ಚರ್ಯ. ಅವಳ ಪ್ರಶ್ನೆ ಬೆಂಗಳೂರಿನ ಕ್ಯಾಂಪಸ್ಸಿನಿಂದ ಬಂದದ್ದೆಂದು ನೀವು ಭಾವಿಸಿದ್ದೀರಿ. ಅದನ್ನು ಕೇಳುವ ಧೈರ್ಯ ಅಲ್ಲಿಂದ ಬಂದಿರಬಹುದು. ಪ್ರಶ್ನೆ ಮಾತ್ರ ನಿಮ್ಮ ಜಗಲಿಯ ಮೇಲಿನದೇ.

ಇದೇ ಬಗೆಯ ಓದು ಎಷ್ಟು ಭಾರವಾಗಬಹುದು ಎಂಬುದನ್ನೂ ಮುಚ್ಚಿಡಬಾರದು. ಜರ್ಮನಿಯ ಯೂಲಿಯಸ್ ವೆಲ್‌ಹೌಸೆನ್ ಬೈಬಲ್ಲಿನ ಮೊದಲ ಐದು ಪುಸ್ತಕಗಳು ಪರಂಪರೆ ನಂಬುವಂತೆ ಪ್ರವಾದಿ ಮೋಶೆ ಒಬ್ಬನೇ ಬರೆದವಲ್ಲ, ಬೇರೆ ಬೇರೆ ಕಾಲದ ಬರಹಗಳು ಹೆಣೆದುಕೊಂಡು ಆದವು ಎಂಬ ವಾದವನ್ನು ಪ್ರಬಲವಾಗಿ ಮಂಡಿಸಿದ ವಿದ್ವಾಂಸ. 1882ರಲ್ಲಿ ಆತ ಗ್ರೈಫ್ಸ್‌ವಾಲ್ಡ್ ವಿಶ್ವವಿದ್ಯಾಲಯದ ದೇವಶಾಸ್ತ್ರದ ಹುದ್ದೆಗೆ ರಾಜೀನಾಮೆ ಕೊಟ್ಟರು. ಪಾದ್ರಿಗಳಾಗಬೇಕಾದ ವಿದ್ಯಾರ್ಥಿಗಳನ್ನು ತಮ್ಮ ಪಾಠ ಆ ಕೆಲಸಕ್ಕೆ ಅನರ್ಹರನ್ನಾಗಿ ಮಾಡುತ್ತಿದೆ ಎಂಬುದು ಅವರು ಕೊಟ್ಟ ಕಾರಣ. ನಮ್ಮಲ್ಲಿ ಬೆಲೆ ಇನ್ನೂ ದೊಡ್ಡದಾಯಿತು. ಶಾಸನ ಮತ್ತು ವಚನಗಳ ಮಹಾವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರು 1989ರಲ್ಲಿ ಶರಣರ ಚರಿತ್ರೆಯನ್ನು ಕುರಿತ ತಮ್ಮ ಕೆಲವು ಬರಹಗಳನ್ನು ಒತ್ತಡಕ್ಕೆ ಮಣಿದು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಬಸವಣ್ಣನವರನ್ನು ಅವರಷ್ಟು ಪ್ರೀತಿಯಿಂದ ಓದಿದವರು ಕಡಿಮೆ. ವಿಮರ್ಶೆ ಎಂದರೆ ದ್ವೇಷವೆಂದು ತಿಳಿದವರಿಗೆ ಅದು ಅರ್ಥವಾಗಲಿಲ್ಲ.

ಮೂರನೆಯದು, ಹೇಗೆ ಬಾಳಬೇಕು, ಯಾರನ್ನು ಸಮಾನರೆಂದು ಕಾಣಬೇಕು, ನೋವಿಗೆ ಅರ್ಥವೇನು ಎಂಬ ಮಾತುಗಳು. ಇವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುವುದಿಲ್ಲ, ಆದರೆ ವಿಚಾರಿಸಬಹುದು. ಡಾ. ಅಂಬೇಡ್ಕರ್ ಇದಕ್ಕೆ ದೊಡ್ಡ ನಿದರ್ಶನ. 1913ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅವರ ಮೇಲೆ ಅಲ್ಲಿನ ತತ್ತ್ವಜ್ಞಾನಿ ಜಾನ್ ಡ್ಯೂಯಿಯ ಪ್ರಭಾವ ಗಾಢವಾಗಿತ್ತು. 1936ರ ‘ಜಾತಿ ವಿನಾಶ’ದಲ್ಲಿ ಅವರು ನಿಯಮಗಳ ಧರ್ಮ ಮತ್ತು ತತ್ತ್ವಗಳ ಧರ್ಮ ಎಂದು ಎರಡನ್ನು ಬೇರ್ಪಡಿಸಿದರು: ನಿಯಮವು ಹೇಳಿದ್ದನ್ನು ಮಾಡಿಸುತ್ತದೆ, ತತ್ತ್ವವು ಮಾಡುವವನನ್ನು ಹೊಣೆಗಾರನನ್ನಾಗಿಸುತ್ತದೆ. ಇಷ್ಟು ಓದಿದ, ಇಷ್ಟು ಕಹಿ ಉಂಡ ಮನುಷ್ಯ ಧರ್ಮವೇ ಬೇಡವೆಂದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅವರು ಬೌದ್ಧಧರ್ಮವನ್ನು ಸ್ವೀಕರಿಸಿದರು, ಸ್ವೀಕರಿಸುವಾಗಲೂ ಕಣ್ಣುಮುಚ್ಚಲಿಲ್ಲ. ಅವರ ಮರಣಾನಂತರ 1957ರಲ್ಲಿ ಬಂದ, ಬುದ್ಧ ಮತ್ತು ಧಮ್ಮವನ್ನು ಕುರಿತ ಗ್ರಂಥದಲ್ಲಿ ಅವರು ಒಂದು ಸರಳ ಪ್ರಶ್ನೆ ಎತ್ತುತ್ತಾರೆ. ಸಿದ್ಧಾರ್ಥ ಮನೆ ಬಿಟ್ಟದ್ದು 29ನೆಯ ವಯಸ್ಸಿನಲ್ಲಿ. ಮುದುಕನನ್ನು, ರೋಗಿಯನ್ನು, ಹೆಣವನ್ನು ಅಂದೇ ಮೊದಲ ಬಾರಿಗೆ ಕಂಡು ಮನೆ ಬಿಟ್ಟನೆಂಬ ಕಥೆಯನ್ನು ಹೇಗೆ ನಂಬುವುದು? ಇಷ್ಟು ಸಾಮಾನ್ಯವಾದುವನ್ನು ಅಲ್ಲಿಯವರೆಗೆ ಕಾಣದಿರಲು ಸಾಧ್ಯವೇ? ಅದರ ಬದಲು, ರೋಹಿಣಿ ನದಿಯ ನೀರಿಗಾಗಿ ತನ್ನ ಕುಲದವರಾದ ಶಾಕ್ಯರಿಗೂ ನೆರೆಯ ಕೋಲಿಯರಿಗೂ ಎದ್ದ ಜಗಳದಲ್ಲಿ ಯುದ್ಧವನ್ನು ವಿರೋಧಿಸಿದ್ದಕ್ಕಾಗಿ ಸಿದ್ಧಾರ್ಥ ಹೊರಡಬೇಕಾಯಿತು ಎಂಬ ಕಥನವನ್ನು ಅವರು ಮುಂದಿಡುತ್ತಾರೆ. ಇದನ್ನು ಒಪ್ಪದ ಬೌದ್ಧ ವಿದ್ವಾಂಸರಿದ್ದಾರೆ. ಒಪ್ಪಲಿ, ಬಿಡಲಿ, ಶರಣು ಹೋದವನೇ ತಾನು ಶರಣು ಹೋದ ಗುರುವಿನ ಕಥೆಯನ್ನು ಹೀಗೆ ತಡೆದು ಕೇಳಬಹುದು ಎಂಬುದನ್ನು ಆ ಪುಟಗಳು ತೋರಿಸುತ್ತವೆ.

ಕುವೆಂಪು ಅವರದು ಇದಕ್ಕಿಂತ ಮನೆಗೆ ಹತ್ತಿರದ ದಾರಿ. ಪುರೋಹಿತಶಾಹಿಯನ್ನು ಅವರಷ್ಟು ಕಟುವಾಗಿ ಟೀಕಿಸಿದವರು ಕನ್ನಡದಲ್ಲಿ ಕಡಿಮೆ. ರಾಮಕೃಷ್ಣ ಪರಮಹಂಸರನ್ನು ಅವರಷ್ಟು ಆಳವಾಗಿ ನೆಚ್ಚಿದವರೂ ಕಡಿಮೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆಗೆ ಅವರು ಸಂಸ್ಕಾರವನ್ನೇ ಕೈಬಿಡಲಿಲ್ಲ, ಅದನ್ನು ಹೊಸದಾಗಿ ರಚಿಸಿ ಮಂತ್ರಮಾಂಗಲ್ಯವೆಂದು ಕರೆದರು. ಇಂದಿಗೂ ಅನೇಕರು ಆ ಪದ್ಧತಿಯಲ್ಲಿ ಮದುವೆಯಾಗುತ್ತಿದ್ದಾರೆ.

ಇನ್ನು ನಿಮ್ಮ ಮಗಳು ಈಗ ಯಾವ ಘಟ್ಟದಲ್ಲಿರಬಹುದು ಎಂಬುದು. ಹಾರ್ವರ್ಡಿನ ವಿಲಿಯಂ ಪೆರಿ ಅಲ್ಲಿನ ವಿದ್ಯಾರ್ಥಿಗಳನ್ನು ವರ್ಷ ವರ್ಷವೂ ಸಂದರ್ಶಿಸಿ, ಅವರ ಯೋಚನೆಯ ರೀತಿ ಹೇಗೆ ಬದಲಾಗುತ್ತದೆ ಎಂಬುದನ್ನು 1970ರಲ್ಲಿ ಪ್ರಕಟಿಸಿದರು. ಆರಂಭದಲ್ಲಿ ವಿದ್ಯಾರ್ಥಿಗೆ ಪ್ರತಿಯೊಂದು ಪ್ರಶ್ನೆಗೂ ಒಂದು ಸರಿಯುತ್ತರವಿದೆ, ಅದು ಗುರುವಿಗೆ ಗೊತ್ತಿದೆ. ಗುರುಗಳೇ ಪರಸ್ಪರ ಒಪ್ಪುವುದಿಲ್ಲವೆಂದು ಕಂಡಾಗ, ಹಾಗಾದರೆ ಎಲ್ಲವೂ ಅವರವರ ಅಭಿಪ್ರಾಯವೇ ಎಂಬ ನಿಲುವಿಗೆ ಬರುತ್ತಾರೆ. ಆಮೇಲೆ, ಎಲ್ಲ ಅಭಿಪ್ರಾಯಗಳಿಗೂ ಒಂದೇ ತೂಕವಿಲ್ಲ, ಆಧಾರ ನೋಡಬೇಕೆಂದು ಅರಿಯುತ್ತಾರೆ. ಕೊನೆಗೆ, ಸಂಪೂರ್ಣ ಖಚಿತತೆ ಇಲ್ಲದಿದ್ದರೂ ಆಧಾರ ನೋಡಿ ಒಂದು ನಿಲುವನ್ನು ತಮ್ಮದನ್ನಾಗಿ ಮಾಡಿಕೊಳ್ಳುತ್ತಾರೆ. ಎಲ್ಲರೂ ಕೊನೆಯವರೆಗೆ ಹೋಗುವುದಿಲ್ಲ, ನಡುವೆ ನಿಂತವರು, ಹಿಂದಿರುಗಿದವರು ಬೇಕಾದಷ್ಟು. ಅಜ್ಜಿಯೊಡನೆ ವಾದಕ್ಕಿಳಿಯುವುದು ನಡುಘಟ್ಟದ ಲಕ್ಷಣ. ಹೊಸ ಉಪಕರಣ ಕೈಗೆ ಬಂದವರು ಎದುರಿಗೆ ಸಿಕ್ಕಿದ್ದನ್ನೆಲ್ಲ ಅದರಿಂದ ತಟ್ಟಿ ನೋಡುತ್ತಾರೆ.

ಆದರೆ ಪೂಜೆ ಬಿಟ್ಟದ್ದಕ್ಕೆಲ್ಲ ತತ್ತ್ವಜ್ಞಾನದ ಕಾರಣ ಹುಡುಕಬೇಡಿ. ಹಾಸ್ಟೆಲಿನಲ್ಲಿ ಬೆಳಗಿನ ಹೊತ್ತು ಸ್ನಾನದ ಕೋಣೆಗೆ ಸರದಿ, ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಪ್ರಯೋಗಾಲಯ. ಮನೆಯಲ್ಲಿ ನೀರು ಕಾಯಿಸಿ, ಪತ್ರೆ ತಂದು, ಪೂಜೆಯಾಗದೆ ತಿಂಡಿಯಿಲ್ಲ ಎನ್ನುವವರಿದ್ದರು. ಅಲ್ಲಿ ಯಾರೂ ಇಲ್ಲ. ಎಷ್ಟೋ ಮಕ್ಕಳು ಮೊದಲು ಅಭ್ಯಾಸ ತಪ್ಪಿಸಿಕೊಳ್ಳುತ್ತಾರೆ, ಕಾರಣಗಳನ್ನು ಆಮೇಲೆ ಜೋಡಿಸಿಕೊಳ್ಳುತ್ತಾರೆ. ಇದಕ್ಕಿಂತ ಗಂಭೀರವಾದ ಬದಲಾವಣೆ ಬರುವುದು ಸಹವಾಸದಿಂದ. ಪಕ್ಕದ ಮಂಚದ ಗೆಳತಿ ಕ್ರೈಸ್ತಳೋ ಮುಸ್ಲಿಮಳೋ ಜೈನಳೋ ಆಗಿದ್ದು, ಜ್ವರ ಬಂದಾಗ ರಾತ್ರಿಯಿಡೀ ಆರೈಕೆ ಮಾಡಿದವಳು ಅವಳೇ ಆದರೆ, ನಮ್ಮವರೇ ಶ್ರೇಷ್ಠರು ಎಂದು ಮನೆಯಲ್ಲಿ ಕೇಳಿದ್ದ ಮಾತು ಒಳಗೇ ಸಡಿಲವಾಗುತ್ತದೆ. ಓದಿದವರಲ್ಲಿ ದೇವರ ಮೇಲಿನ ನಂಬಿಕೆಗಿಂತ, ತಮ್ಮ ಧರ್ಮವೊಂದೇ ಸತ್ಯ ಎಂಬ ನಂಬಿಕೆ ಹೆಚ್ಚು ಸುಲಭವಾಗಿ ಕರಗುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞರೂ ಗುರುತಿಸಿದ್ದಾರೆ. ಅದನ್ನು ನಷ್ಟವೆಂದು ಎಣಿಸುವ ಕಾರಣ ನನಗೆ ಕಾಣುವುದಿಲ್ಲ.

ಒಂದು ಎಚ್ಚರಿಕೆ ನಿಮಗೆ, ಒಂದು ಅವಳಿಗೆ. ಓದಿದ ಮಕ್ಕಳನ್ನು ಒಪ್ಪಿಸಲು ಈಚೆಗೆ ಹಿರಿಯರು ಪ್ರತಿ ಆಚರಣೆಗೂ ಒಂದು ‘ವೈಜ್ಞಾನಿಕ ಕಾರಣ’ ಹೇಳುವುದನ್ನು ಕಲಿತಿದ್ದಾರೆ: ಗಂಟೆಯ ನಾದದಿಂದ ಮಿದುಳಿನ ಎರಡು ಭಾಗಗಳು ಕೂಡುತ್ತವೆ, ಗ್ರಹಣದ ಕಿರಣಗಳು ಅನ್ನವನ್ನು ಕೆಡಿಸುತ್ತವೆ, ಇತ್ಯಾದಿ. ವಾಟ್ಸಾಪ್ ತುಂಬ ಇವೇ. ಇದು ಕೂಡ ಶಿಕ್ಷಣವು ನಂಬಿಕೆಯನ್ನು ಬದಲಿಸಿದ ಒಂದು ರೀತಿಯೇ, ಮತ್ತು ನನ್ನ ದೃಷ್ಟಿಯಲ್ಲಿ ಕೆಟ್ಟ ರೀತಿ. ವಿಜ್ಞಾನದ ಗೌರವವನ್ನು ಎರವಲು ಪಡೆದು ಅದರ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ಪ್ರಯತ್ನವಿದು. ಎಂ.ಎಸ್‌ಸಿ. ಓದುವವಳ ಎದುರು ಇಂಥ ಮಾತು ಒಂದು ನಿಮಿಷವೂ ನಿಲ್ಲುವುದಿಲ್ಲ. ಅದು ಬಿದ್ದಾಗ ಅದರ ಜೊತೆ ನಿಮ್ಮ ಬೇರೆ ಮಾತುಗಳ ಬೆಲೆಯೂ ಹೋಗುತ್ತದೆ. “ನಮಗೆ ಇದರಿಂದ ನೆಮ್ಮದಿ, ನಮ್ಮ ಅತ್ತೆ ಹೀಗೆ ಮಾಡುತ್ತಿದ್ದರು” ಎಂಬ ನೇರವಾದ ಉತ್ತರವೇ ಹೆಚ್ಚು ಗೌರವದ್ದು. ಮಗಳು ತಿಳಿಯಬೇಕಾದುದು, ಜಾಣತನವೇ ತಟಸ್ಥತೆಯಲ್ಲ ಎಂಬುದು. ಅಂಕಿಅಂಶಗಳನ್ನು ಚೆನ್ನಾಗಿ ಓದಬಲ್ಲವರೇ ತಮ್ಮ ಪಕ್ಷಕ್ಕೆ ಒಗ್ಗದ ಅಂಕಿಗಳನ್ನು ಇನ್ನೂ ಚತುರವಾಗಿ ತಳ್ಳಿಹಾಕುತ್ತಾರೆಂದು ಯೇಲ್‌ನ ಡ್ಯಾನ್ ಕಹಾನ್ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ. ಅಜ್ಜಿಯ ಗ್ರಹಣವನ್ನು ಪ್ರಶ್ನಿಸಿದವಳು ತನ್ನ ಗೆಳೆಯರ ಗುಂಪಿನಲ್ಲಿ ಎಲ್ಲರೂ ಒಪ್ಪುವ ಯಾವ ಮಾತನ್ನು ಪ್ರಶ್ನಿಸಿದ್ದಾಳೆಂದು ಪ್ರೀತಿಯಿಂದ ಕೇಳಿ ನೋಡಿ.

ಮನೆಯಲ್ಲಿ ಏನು ಮಾಡಬೇಕೆಂದರೆ, ಬಲವಂತದ ಪೂಜೆ ಬೇಡ. ಬಲವಂತದಿಂದ ಕೈ ಆಡುತ್ತದೆ, ಮನಸ್ಸು ದೂರವಾಗುತ್ತದೆ. ಹಬ್ಬದ ಅಡುಗೆ, ಬಂದವರ ಉಪಚಾರ, ಅಜ್ಜಿಯನ್ನು ಮಠಕ್ಕೆ ಕರೆದೊಯ್ಯುವುದು, ಇವಕ್ಕೆ ನಂಬಿಕೆಯ ಪರೀಕ್ಷೆಯಿಲ್ಲ. ಅವನ್ನು ಅವಳಿಂದ ನಿಸ್ಸಂಕೋಚವಾಗಿ ನಿರೀಕ್ಷಿಸಬಹುದು. ಗ್ರಹಣದ ಹೊತ್ತಿನಲ್ಲಿ ಹಸಿವಾದರೆ ಅವಳು ಉಣ್ಣಲಿ, ಅಜ್ಜಿಯ ಎದುರು ತಟ್ಟೆ ಹಿಡಿದು ಕೂರುವುದು ಬೇಡ. ಜಾತಕದ ವಿಷಯದಲ್ಲಿ ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ವಚನಗಳ ಪುಸ್ತಕ ಮನೆಯಲ್ಲಿದ್ದರೆ ಆ ವಚನವನ್ನು ಅವಳೊಡನೆ ಕೂತು ಓದಿ. ಓದಿದ ಮೇಲೂ ಜಾತಕ ತೋರಿಸುವುದಾದರೆ ಅದು ಬೀಗರ ಒತ್ತಾಯಕ್ಕೋ, ನಿಮ್ಮ ಸಮಾಧಾನಕ್ಕೋ ಎಂದು ಒಪ್ಪಿಕೊಂಡು ತೋರಿಸಿ. ತೋರಿಸುವುದನ್ನು ಬಿಟ್ಟರೂ ಮದುವೆಗೆ ಊನವಿಲ್ಲ.

ಕಿರಿಯ ಮಗನನ್ನು ಈ ಕಾರಣಕ್ಕಾಗಿ ಊರಿನಲ್ಲಿ ಉಳಿಸಿಕೊಳ್ಳಬೇಡಿ. ನಿಮ್ಮ ತಮ್ಮನ ಪಂಚಾಂಗ ಡಾಕ್ಟರೇಟನ್ನೂ ದಾಟಿ ಉಳಿದಿದೆ. ಮಗಳ ಪ್ರಶ್ನೆ ಮನೆಯಲ್ಲಿರುವ ಪುಸ್ತಕದಲ್ಲಿಯೇ ಇತ್ತು. ಹಾಗಾಗಿ ಊರು ಬದಲಾದರೆ ಏನಾಗುತ್ತದೆಂದು ಮುಂಚಿತವಾಗಿ ಹೇಳುವುದು ಯಾರಿಗೂ ಸಾಧ್ಯವಿಲ್ಲ. ದಾವಣಗೆರೆಯಲ್ಲಿ ಅವನಿಗೆ ಬೇಕಾದ ವಿಷಯಕ್ಕೆ ಒಳ್ಳೆಯ ಅಧ್ಯಾಪಕರಿದ್ದರೆ, ಗ್ರಂಥಾಲಯ ಸಂಜೆಯ ತನಕ ತೆರೆದಿರುತ್ತಿದ್ದರೆ, ವಿದ್ಯಾರ್ಥಿಗಳು ತರಗತಿಯಲ್ಲಿ ಎದ್ದುನಿಂತು ಪ್ರಶ್ನೆ ಕೇಳಿದಾಗ ಅಧ್ಯಾಪಕರು ಗದರಿಸದೆ ಉತ್ತರಿಸುವ ಕಾಲೇಜು ಅದಾಗಿದ್ದರೆ ಅಲ್ಲಿಯೇ ಸೇರಿಸಿ. ಇಲ್ಲದಿದ್ದರೆ ಅಂಥದ್ದು ಎಲ್ಲಿದೆಯೋ ಅಲ್ಲಿಗೆ ಕಳುಹಿಸಿ. ಸೇರಿಸುವ ಮುನ್ನ ಅಲ್ಲಿ ಈಗ ಓದುತ್ತಿರುವ ಇಬ್ಬರು ಮೂವರು ಹುಡುಗರನ್ನು ಮಾತನಾಡಿಸಿದರೆ ಇದು ಅರ್ಧ ಗಂಟೆಯಲ್ಲಿ 
ತಿಳಿಯುತ್ತದೆ, ಜೊತೆಗೆ ಅಕ್ಕನನ್ನೂ ಕರೆದುಕೊಂಡು ಹೋಗಿ, ಏನು ಕೇಳಬೇಕೆಂಬುದು ಅವಳಿಗೆ ಗೊತ್ತಿರುತ್ತದೆ.